ಮೊಲ ಹಿಡಿಯುವ ಕೆಲಸಕ್ಕೆ ಶುದ್ಧ ವಿಪೆಟ್ಟೋ, ಕ್ರಾಸೋ?

ಪ್ರಶ್ನೆ: ಡಾಕ್ಟ್ರೇ, ನಾನು ಹಾವೇರಿ ಕಡೆಯವನು. ಈಗ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿದ್ದೇನೆ. ಪರಿಚಯದ ರೈತರೊಬ್ಬರ ಹೊಲದಲ್ಲಿ ಮೊಲಗಳ ಕಾಟ ಜಾಸ್ತಿ. ‘ನಾಯಿ ಸಾಕಿದರೆ ಕರೆದುಕೊಂಡು ಬಾ’ ಎಂದಿದ್ದಾರೆ. ಶುದ್ಧ ವಿಪೆಟ್ (ಗ್ರೇಹೌಂಡ್ ಥರದ ಸಣ್ಣ ಓಟದ ನಾಯಿ) ತರಲೇ, ಬೆಡ್ಲಿಂಗ್ಟನ್ ಟೆರಿಯರ್ (ಪೊದೆಗೆ ನುಗ್ಗುವ ಸಣ್ಣ ಬೇಟೆನಾಯಿ) ಜೊತೆ ಕ್ರಾಸ್ ಮಾಡಿದ್ದು ತರಲೇ? ಕ್ರಾಸ್ ಗಟ್ಟಿ, ಶುದ್ಧ ವಿಪೆಟ್ ಸೋಫಾ ಮೇಲೆ ಮಲಗೋದಕ್ಕಷ್ಟೇ ಲಾಯಕ್ಕು ಅಂತಾರೆ ಕೆಲವರು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.

ಉತ್ತರ: ಸೋಫಾ ಮಾತು ಅರ್ಧ ನಿಜ. ವಿಪೆಟ್ ದಿನದ ಬಹುಪಾಲು ಮಲಗಿಯೇ ಕಳೆಯುತ್ತದೆ. ಆದರೆ ಎದ್ದು ಓಡಿತೆಂದರೆ ಗಂಟೆಗೆ 55 ಕಿಲೋಮೀಟರ್ ಆಸುಪಾಸಿನ ವೇಗ. ಅದಕ್ಕಿಂತ ಮುಖ್ಯವಾದದ್ದು, ನಿಂತಲ್ಲಿಂದ ಆ ವೇಗಕ್ಕೆ ಏರುವ ಚುರುಕು. ನೀವು ಹಿಡಿಯಬೇಕಾದ ಮೊಲ ಬಿಲ ಬಿಟ್ಟು ದೂರ ಹೋಗುವುದಿಲ್ಲ. ಅದಕ್ಕೆ ಬೇಲಿಯ ಬುಡ ಸೇರಲು ಕೆಲವೇ ಸೆಕೆಂಡು ಸಾಕು. ಆ ಸೆಕೆಂಡುಗಳಲ್ಲಿ ಸಣ್ಣ ಮೈಯ, ಥಟ್ಟನೆ ತಿರುಗುವ ನಾಯಿ ಗೆಲ್ಲುತ್ತದೆ. ದೊಡ್ಡ ಗ್ರೇಹೌಂಡ್ ವೇಗ ಹಿಡಿಯುವಷ್ಟರಲ್ಲಿ ಹೊಲವೇ ಮುಗಿದಿರುತ್ತದೆ.

ಇನ್ನು ‘ಶುದ್ಧ’ ಎಂಬುದರ ಬಗ್ಗೆ. 19ನೇ ಶತಮಾನದಲ್ಲಿ ಡರ್‌ಹ್ಯಾಮ್, ಯಾರ್ಕ್‌ಶೈರ್, ಲ್ಯಾಂಕಶೈರ್ ಕಡೆಯ ಗಣಿ ಕಾರ್ಮಿಕರು ಸಣ್ಣ ಗಾತ್ರದ ಗ್ರೇಹೌಂಡ್‌ಗಳಿಗೆ ಟೆರಿಯರ್ ರಕ್ತ ಸೇರಿಸಿ ಈ ನಾಯಿಗಳನ್ನು ಬೆಳೆಸಿದರು. ವಾರವಿಡೀ ಗಣಿಯೊಳಗೆ ದುಡಿಮೆ, ರಜೆ ದಿನ ನಾಯಿ ಓಟದ ಪಂದ್ಯ. ಗೆರೆಯಾಚೆ ನಿಂತ ಮಾಲೀಕ ಬಟ್ಟೆ ಬೀಸುತ್ತಿದ್ದ, ನಾಯಿ ಅತ್ತ ಓಡುತ್ತಿತ್ತು. ಅಡುಗೆಮನೆಗೆ ಮೊಲ ತರುತ್ತಿದ್ದದ್ದೂ ಅದೇ ನಾಯಿ. ನಾಯಿ ತಳಿಗಳನ್ನು ನೋಂದಾಯಿಸುವ ಇಂಗ್ಲೆಂಡಿನ ಕೆನಲ್ ಕ್ಲಬ್ ಇದನ್ನು ತಳಿಯೆಂದು ಒಪ್ಪಿದ್ದು 1891ರಲ್ಲಿ. ಅಂದರೆ ನಿನ್ನೆಯ ಕ್ರಾಸೇ ಇವತ್ತಿನ ಶುದ್ಧ ತಳಿ. ಹಾಗಾಗಿ ತಳಿಯ ಹೆಸರಿಗಿಂತ ಅಪ್ಪ ಅಮ್ಮ ಏನು ಕೆಲಸ ಮಾಡಿವೆ ಎಂದು ಕೇಳುವುದು ಮೇಲು. ಅಜ್ಜಿಯ ಕಾಲದಿಂದ ಬರೀ ಪ್ರದರ್ಶನಕ್ಕೆ ಬೆಳೆಸಿದ ವಿಪೆಟ್‌ಗಿಂತ, ಹೊಲದಲ್ಲಿ ಓಡಿದ ತಾಯಿಯ ಮರಿಯನ್ನೇ ನಾನು ಆರಿಸುತ್ತೇನೆ.

ಹಾಗಾದರೆ ಕ್ರಾಸ್‌ನಿಂದ ಲಾಭ ಏನು? ಮೊದಲನೆಯದು ಚರ್ಮ. ವಿಪೆಟ್ ಚರ್ಮ ತೆಳು, ಕೂದಲು ಗಿಡ್ಡ, ಮೈಯಲ್ಲಿ ಕೊಬ್ಬು ಕಡಿಮೆ. ಮುಳ್ಳುತಂತಿಗೆ ಸಿಕ್ಕರೆ ಬಟ್ಟೆ ಹರಿದ ಹಾಗೆ ಹರಿಯುತ್ತದೆ. ಜನವರಿಯ ಮಳೆಯಲ್ಲಿ ಕಾಯುತ್ತಾ ನಿಂತರೆ ನಡುಗುತ್ತದೆ. ಬೆಡ್ಲಿಂಗ್ಟನ್ ಸೇರಿದರೆ ಕೂದಲು ಒರಟಾಗುವ ಸಾಧ್ಯತೆ ಹೆಚ್ಚು. ಎರಡನೆಯದು, ಮುಳ್ಳುಪೊದೆಗೆ ನುಗ್ಗುವ ಛಲ ಮತ್ತು ಮೂಗಿನ ಬಳಕೆ. ವಿಪೆಟ್ ಬೇಟೆಯಾಡುವುದು ಕಣ್ಣಿನಿಂದ. ಕಂಡರೆ ಓಡುತ್ತದೆ, ಮರೆಯಾದರೆ ಸುಮ್ನೆ ನಿಂತುಬಿಡುವುದೇ ಹೆಚ್ಚು. ಟೆರಿಯರ್ ಪಾಲಿರುವ ನಾಯಿ ಮೂಸಿ, ಹುಡುಕಿ, ಪೊದೆಯಿಂದ ಮೊಲವನ್ನು ಹೊರಗೆಬ್ಬಿಸುತ್ತದೆ.

ಬದಲಿಗೆ ಕಳೆದುಕೊಳ್ಳುವುದೂ ಇದೆ. ವೇಗ ಸ್ವಲ್ಪ ಇಳಿಯುತ್ತದೆ. ಬೊಗಳುವುದು, ತೋಟ ಅಗೆಯುವುದು, ಬೇರೆ ನಾಯಿಗಳ ಜೊತೆ ಜಗಳ, ಇವೂ ಟೆರಿಯರ್ ಕಡೆಯಿಂದ ಬರಬಹುದು. ಮರಿ ಹೇಗೆ ಬೆಳೆಯುತ್ತದೆ ಎಂದು ಮೊದಲೇ ಹೇಳುವುದೂ ಕಷ್ಟ. ಶುದ್ಧ ವಿಪೆಟ್‌ಗೂ ಶುದ್ಧ ಬೆಡ್ಲಿಂಗ್ಟನ್‌ಗೂ ಹುಟ್ಟಿದ ಮರಿಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅಂಥ ಎರಡು ಕ್ರಾಸ್‌ಗಳನ್ನು ಕೂಡಿಸಿದರೆ ಒಂದೇ ಸೂಲಿನಲ್ಲಿ ಒಂದು ಅಜ್ಜನಂತೆ, ಇನ್ನೊಂದು ಅಜ್ಜಿಯಂತೆ ಬರುತ್ತದೆ. ಮಾರುವವರು ಮೊದಲ ಕ್ರಾಸನ್ನೂ ಈ ಎರಡನೇ ತಲೆಮಾರನ್ನೂ ‘ವಿಪೆಟ್ ಲರ್ಚರ್’ (ಓಟದ ನಾಯಿಯ ಕ್ರಾಸ್) ಎಂದೇ ಕರೆಯುತ್ತಾರೆ. ಬಿಡಿಸಿ ಕೇಳಿ.

‘ಕ್ರಾಸ್ ಅಂದ್ರೆ ಕಾಯಿಲೆ ಇಲ್ಲ’ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಬೆಡ್ಲಿಂಗ್ಟನ್‌ಗಳಲ್ಲಿ ಯಕೃತ್ತಿನಲ್ಲಿ ತಾಮ್ರ ಸೇರಿಕೊಳ್ಳುವ ಆನುವಂಶಿಕ ರೋಗವಿದೆ. ಅದು ಬರಲು ಕೆಟ್ಟ ಜೀನ್ ಎರಡೂ ಕಡೆಯಿಂದ ಬರಬೇಕು. ಹಾಗಾಗಿ ಮೊದಲ ಕ್ರಾಸ್‌ನಲ್ಲಿ ಭಯವಿಲ್ಲ, ಮುಂದಿನ ತಲೆಮಾರಿನಲ್ಲಿ ಇದೆ. ಕುರಿ ಕಾಯುವ ಕೋಲಿ ತಳಿಯ ಜೊತೆಗಿನ ಕ್ರಾಸ್ ಆದರೆ ಎಂಡಿಆರ್1 ಎಂಬ ಜೀನಿನ ಪರೀಕ್ಷೆ ಮಾಡಿಸಿ. ಆ ಜೀನಿನಲ್ಲಿ ದೋಷವಿದ್ದ ನಾಯಿಗೆ ಹುಳುಗಳ ಔಷಧಿಯಾದ ಐವರ್‌ಮೆಕ್ಟಿನ್‌ನ ಹೆಚ್ಚಿನ ಡೋಸ್ ವಿಷವಾಗುತ್ತದೆ. ಓಟದ ವಿಪೆಟ್‌ಗಳದ್ದೂ ಒಂದು ಕತೆಯಿದೆ. ಮಾಂಸಖಂಡದ ಬೆಳವಣಿಗೆಗೆ ಮಿತಿ ಹಾಕುವ ಮಯೋಸ್ಟಾಟಿನ್ ಜೀನಿನಲ್ಲಿ ಒಂದು ಬದಲಾವಣೆ ಇರುವುದು 2007ರಲ್ಲಿ ಪತ್ತೆಯಾಯಿತು. ಒಂದು ಪ್ರತಿ ಇದ್ದರೆ ನಾಯಿ ವೇಗವಾಗಿ ಓಡುತ್ತದೆ, ಎರಡಿದ್ದರೆ ಪೈಲ್ವಾನನಂತೆ ಮಾಂಸಖಂಡ ಉಬ್ಬುತ್ತದೆ. ಓಟದ ವಂಶದ ಮರಿಯಾದರೆ ಈ ಪರೀಕ್ಷೆಯ ಬಗ್ಗೆಯೂ ವಿಚಾರಿಸಿ.

ನಿಮಗೆ ನನ್ನ ಸಲಹೆ: ಹೊಲ ಬಯಲಾಗಿದ್ದು, ಹುಲ್ಲು ಗಿಡ್ಡವಿದ್ದು, ಹಗಲು ಹೊತ್ತು ಒಂದೆರಡು ಗಂಟೆ ಮಾತ್ರ ಹೋಗುವುದಾದರೆ ಶುದ್ಧ ವಿಪೆಟ್ ಸಾಕು. ಮೊಲದ ಬಿಲಕ್ಕೆ ಫೆರೆಟ್ (ಮುಂಗುಸಿಯಂಥ ಸಾಕುಪ್ರಾಣಿ) ಬಿಟ್ಟು ಹೊರಗೋಡಿಸುವವರ ಜೊತೆ ಹೋದರೂ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಬಿಲದ ಬಾಯಲ್ಲಿ ಸದ್ದಿಲ್ಲದೆ ನಿಲ್ಲುವ ತಾಳ್ಮೆ ಅದಕ್ಕಿದೆ. ಮಕ್ಕಳ ಜೊತೆಗೂ ಮೃದು. ಬೇಲಿ ತುಂಬ ಮುಳ್ಳುಪೊದೆ, ಚಳಿಗಾಲವಿಡೀ ಕೆಲಸ ಎಂದಾದರೆ ಮಾತ್ರ ಕ್ರಾಸ್ ನೋಡಿ. ಯಾವುದೇ ಆಗಲಿ, ವರ್ಷ ತುಂಬುವ ಮೊದಲು ಜೋರು ಕೆಲಸಕ್ಕೆ ಬಿಡಬೇಡಿ. ಮೂಳೆ ಇನ್ನೂ ಬಲಿತಿರುವುದಿಲ್ಲ.

ಕಾನೂನೂ ಗೊತ್ತಿರಲಿ. 2004ರ ಹಂಟಿಂಗ್ ಆಕ್ಟ್ ಪ್ರಕಾರ ಇಂಗ್ಲೆಂಡಿನಲ್ಲಿ ನಾಯಿ ಬಿಟ್ಟು ಕಾಡುಪ್ರಾಣಿ ಬೇಟೆಯಾಡುವಂತಿಲ್ಲ. ಜಮೀನಿನವರ ಒಪ್ಪಿಗೆಯಿದ್ದರೆ ಬಿಲದಲ್ಲಿ ವಾಸಿಸುವ ರ‍್ಯಾಬಿಟ್ ಮತ್ತು ಇಲಿಗೆ ವಿನಾಯಿತಿಯಿದೆ. ಬಯಲಲ್ಲಿ ಮಲಗುವ, ಉದ್ದ ಕಿವಿಯ ಹೇರ್ ಆ ವಿನಾಯಿತಿಯಲ್ಲಿ ಇಲ್ಲ. ನಮ್ಮ ಕಣ್ಣಿಗೆ ಎರಡೂ ಮೊಲವೇ, ಪೊಲೀಸರಿಗೆ ಹಾಗಲ್ಲ. ರೈತರಿಂದ ಒಪ್ಪಿಗೆಯನ್ನು ಬರಹದಲ್ಲಿ ಪಡೆದು ಜೇಬಿನಲ್ಲಿಟ್ಟುಕೊಳ್ಳಿ.

ಪ್ರಶ್ನೆ: ನಮ್ದು ಬಾಗಲಕೋಟೆ. ಮುಧೋಳ ಹೆಣ್ಣು ನಾಯಿಗೆ ವಿಪೆಟ್ ಕ್ರಾಸ್ ಮಾಡಿಸಿದರೆ ವೇಗ ಹೆಚ್ಚುತ್ತದೆಯೇ? ಮೊಲದ ಬೇಟೆಗೆ ಬೇಕಿತ್ತು.

ಉತ್ತರ: ಬೇಟೆಯ ವಿಚಾರ ಮೊದಲು ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮಲ್ಲಿ ಮೊಲ ಬೇಟೆ ಅಪರಾಧ. ಜೈಲು ಶಿಕ್ಷೆಯೂ ಆಗಬಹುದು.

ಕ್ರಾಸ್ ಕೂಡ ಬೇಡ ಎನ್ನುತ್ತೇನೆ. ಮುಧೋಳದ ಎತ್ತರ 70 ಸೆಂಟಿಮೀಟರ್ ಆಸುಪಾಸು, ವಿಪೆಟ್‌ನದ್ದು 50ರ ಒಳಗೇ ಹೆಚ್ಚು. ಎರಡನ್ನು ಕೂಡಿಸಿದರೆ ಮುಧೋಳದ ಉದ್ದ ಹೆಜ್ಜೆ ಹೋಗುತ್ತದೆ, ವಿಪೆಟ್‌ನ ಚುರುಕು ಪೂರ್ತಿ ಬರುವುದಿಲ್ಲ. ಬಿಸಿಲಿಗೂ ಬಯಲಿಗೂ ಹೊಂದಿಕೊಂಡ ನಾಯಿ ನಿಮ್ಮ ಮನೆಯಲ್ಲೇ ಇದೆ. ಅದನ್ನು ತೋಟದ ಕಾವಲಿಗೆ ಬಳಸಿ. ಮರಿ ಬೇಕಿದ್ದರೆ ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಗಂಡುನಾಯಿ ಆರಿಸುವ ಮೊದಲು ಅಲ್ಲಿ ಹೋಗಿ ಕೇಳಿ.