ಡಾಸ್ (ವಿಂಡೋಸ್‌ಗಿಂತ ಮುಂಚಿನ ಆಪರೇಟಿಂಗ್ ಸಿಸ್ಟಂ) ಕಾಲದ ವೈರಸ್‌ಗಳು ಪ್ರೋಗ್ರಾಂ ಫೈಲಿನೊಳಗೆ ಹೇಗೆ ಸೇರಿಕೊಳ್ಳುತ್ತಿದ್ದವು? ಇಂಟರ್ನೆಟ್ ಇಲ್ಲದೆ ದಾವಣಗೆರೆಯಂಥ ಊರಲ್ಲಿ ಹೇಗೆ ಹರಡುತ್ತಿದ್ದವು?

ಪ್ರೋಗ್ರಾಂ ಓಡಿಸಿದಾಗ ಮೊದಲು ನಡೆಯುವ ಸೂಚನೆ ಇದೆಯಲ್ಲ, ವೈರಸ್‌ಗೆ ಬೇಕಿದ್ದದ್ದು ಆ ಜಾಗ. 1987ರ ಕ್ಯಾಸ್ಕೇಡ್ ವೈರಸ್ ನೋಡಿ. ಕಾಮ್ (.COM, ಡಾಸ್‌ನ ಒಂದು ಬಗೆಯ ಪ್ರೋಗ್ರಾಂ ಫೈಲು) ಫೈಲಿನ ಕೊನೆಗೆ ತನ್ನ 1701 ಬೈಟ್ ಅಂಟಿಸುತ್ತಿತ್ತು. ಫೈಲಿನ ಮೊದಲ 3 ಬೈಟ್ ತೆಗೆದಿಟ್ಟುಕೊಂಡು, ಅಲ್ಲಿ 'ಕೊನೆಗೆ ಹೋಗು' ಅನ್ನುವ ಸೂಚನೆ ಬರೆಯುತ್ತಿತ್ತು. ತನ್ನ ಕೆಲಸ ಮುಗಿದ ಮೇಲೆ ಆ 3 ಬೈಟ್‌ಗಳನ್ನು ಮೆಮೊರಿಯಲ್ಲಿ ಸರಿಮಾಡಿ ಅಸಲಿ ಪ್ರೋಗ್ರಾಂ ಓಡಿಸುತ್ತಿತ್ತು. ಎಲ್ಲ ಎಂದಿನಂತೆ ನಡೆದರೆ ಯಾರಿಗೆ ಅನುಮಾನ ಬರುತ್ತೆ ಹೇಳಿ? ಪರದೆಯ ಅಕ್ಷರ ಉದುರಿಸಿ ಅದು ಹೆಸರಾಯಿತು. ಆದರೆ ನನ್ನ ಪ್ರಕಾರ ಅದರ ನಿಜವಾದ ಚಾಲಾಕಿತನ ಇದೇ.

ಅದೇ ವರ್ಷ ಸಿಕ್ಕಿಬಿದ್ದ ಜೆರುಸಲೇಮ್ ವೈರಸ್ ಮೆಮೊರಿಯಲ್ಲೇ ಕೂತು, ನೀವು ಓಡಿಸಿದ ಪ್ರೋಗ್ರಾಂಗಳಿಗೆಲ್ಲ ಅಂಟುತ್ತಿತ್ತು. ಎಕ್ಸ್‌ಇ (.EXE, ಇನ್ನೊಂದು ಬಗೆಯ ಪ್ರೋಗ್ರಾಂ ಫೈಲು) ಫೈಲಿಗೆ ಮೊದಲೇ ಅಂಟಿದ್ದೇನಾ ಅಂತ ನೋಡುವಲ್ಲಿ ಅದು ಎಡವಿತು. ಓಡಿಸಿದಾಗಲೆಲ್ಲ ಫೈಲು ಸುಮಾರು 1.8 ಕೆಬಿ ಬೆಳೆಯುತ್ತಿತ್ತು. ಕೊನೆಗೆ ಮೆಮೊರಿಯಲ್ಲೇ ಹಿಡಿಸುತ್ತಿರಲಿಲ್ಲ. 13ನೇ ತಾರೀಕು ಶುಕ್ರವಾರ ಬಂದರೆ, ಓಡಿಸಿದ ಪ್ರೋಗ್ರಾಂಗಳನ್ನೇ ಅಳಿಸುತ್ತಿತ್ತು.

ಇನ್ನು ಹರಡುವುದು. ಫ್ಲಾಪಿ (ಫೈಲುಗಳನ್ನು ಒಯ್ಯಲು ಬಳಸುತ್ತಿದ್ದ ತೆಳು ಡಿಸ್ಕ್) ಸಾಕಿತ್ತು. ದಾವಣಗೆರೆಯ ಕಂಪ್ಯೂಟರ್ ಕ್ಲಾಸ್‌ಗಳಲ್ಲಿ ಒಂದೇ ಫ್ಲಾಪಿ ಹಲವರ ಕೈ ದಾಟುತ್ತಿತ್ತು, ಅಲ್ವಾ? ಐದೂಕಾಲು ಇಂಚಿನ ಫ್ಲಾಪಿಯ ಅಂಚಿನ ಕಚ್ಚಿಗೆ ಚೀಟಿ ಅಂಟಿಸಿದರೆ ಡ್ರೈವ್ ಅದರ ಮೇಲೆ ಬರೆಯುತ್ತಿರಲಿಲ್ಲ. ವೈರಸ್ ಕೂಡ ಅದರೊಳಗೆ ಹೋಗಲು ಆಗುತ್ತಿರಲಿಲ್ಲ.