ಮೂರು ಗಂಟೆ ನೋವಿರಲಿಲ್ಲ, ಆಮೇಲೆ?

ಆಪ್ತಸಲಹೆಗಾರ್ತಿಯಾದ ನಾನು, ನೋವಿಗೆ ನರದ ಇಂಜೆಕ್ಷನ್ ತಗೊಂಡ ಬೇರೆ ಬೇರೆ ಹೆಂಗಸರ ಬಾಯಲ್ಲಿ ಇದೇ ಮಾತು ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಆಕೆ ಮನೆಯಲ್ಲೇ ಬ್ಲೌಸ್ ಹೊಲಿಯುವವರು. ಎರಡನೇ ಹೆರಿಗೆ ಕಷ್ಟದ್ದಾಗಿತ್ತು. ಅಲ್ಲಿಂದ ಜನನಾಂಗದಿಂದ ಗುದದವರೆಗೆ ಉರಿ, ಚುಚ್ಚು. ಕೂತರೆ ಜಾಸ್ತಿ, ಮಲಗಿದರೆ ಕಡಿಮೆ. ಸ್ಕ್ಯಾನಿಂಗ್ ನಾರ್ಮಲ್. ‘ಟೆನ್ಷನ್ ಬಿಡಿ’ ಅಂದವರೇ ಎಲ್ಲ. ಕೊನೆಗೆ ಪೇನ್ ಕ್ಲಿನಿಕ್ಕಿನವರು ಆ ಭಾಗಕ್ಕೆ ಹೋಗುವ ಪುಡೆಂಡಲ್ ನರದ ಮೇಲೆ ಅನುಮಾನಪಟ್ಟು ನರ್ವ್ ಬ್ಲಾಕ್, ಅಂದರೆ ನರದ ಸುತ್ತ ಮರಗಟ್ಟಿಸುವ ಮದ್ದಿನ ಇಂಜೆಕ್ಷನ್, ಕೊಟ್ಟರು.

ಅದಾದ ಮೇಲೆ ಆಕೆ ನನ್ನ ಬಳಿ ಬಂದಾಗ ಗಂಡನೂ ಬಂದಿದ್ದರು. ಅವರು ಕುರ್ಚಿಯಲ್ಲಿ, ಆಕೆ ಬೀರುವಿಗೆ ಒರಗಿ ನಿಂತಿದ್ದರು.

“ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತು ಮೇಡಂ. ರಾತ್ರಿಗೇ ನೋವು ವಾಪಸ್,” ಅಂದರು ಗಂಡ.

“ಹಂಗಾದ್ರೆ ಇದು ನನ್ನ ತಲೇಲೇ ಇರೋದಾ ಮೇಡಂ?” ಆಕೆ ಕೇಳಿದರು.

ನೋವಿಲ್ಲದ ಹೊತ್ತಲ್ಲಿ ಏನು ಮಾಡಿದಿರಿ ಅಂದೆ.

“ಮೂರು ಗಂಟೆ ಆರಾಮಿತ್ತು. ಯಾವಾಗ್ಲೂ ಆಟೋದಲ್ಲಿ ಒಂದು ಮಗ್ಗುಲು ಎತ್ಕೊಂಡೇ ಕೂರ್ತಿದ್ದೆ, ಅವತ್ತು ಸರಿಯಾಗಿ ಕೂತೆ. ಮನೇಲಿ ನಾಲ್ಕು ಬ್ಲೌಸಿಗೆ ಹುಕ್ಸ್ ಹಾಕ್ದೆ.”

“ಹುಕ್ಸ್ ಹಾಕಿದ್ಯಾ? ನಂಗೆ ಹೇಳ್ಲೇ ಇಲ್ಲ!”

“ಹೇಳಿದ್ರೆ, ನೋಡು ಏನೂ ಆಗಿಲ್ಲ ನಿಂಗೆ ಅಂತಿದ್ರಿ.”

ಗಂಡ ತಲೆ ತಗ್ಗಿಸಿದರು. ನನ್ನ ಪಾಲಿಗೆ ಕೆಲಸ ಶುರುವಾದದ್ದು ಅಲ್ಲಿಂದ. ಆ ಮೂರು ಗಂಟೆಯನ್ನು ಆಕೆ ತಪ್ಪು ಮಾಡಿದವರಂತೆ ಮುಚ್ಚಿಟ್ಟಿದ್ದರು. ಡಾಕ್ಟರರಿಗೆ ಬೇಕಾಗಿದ್ದ ಮಾಹಿತಿಯೇ ಅದು.

ಮರಗಟ್ಟಿಸುವ ಮದ್ದಿನ ಪ್ರಭಾವ ಕೆಲವು ಗಂಟೆಯದ್ದೇ. ಜೊತೆಗೆ ಸ್ಟೀರಾಯ್ಡ್ ಸೇರಿಸಿದ್ದರೆ ಅದು ಕೆಲಸ ಮಾಡಲು ದಿನಗಳು ಬೇಕು. ಕೆಲವರಿಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಆರಾಮ. ಕೆಲವರಿಗೆ ಆ ಕೆಲವು ಗಂಟೆ ಮಾತ್ರ. 2008ರಲ್ಲಿ ಫ್ರಾನ್ಸಿನ ನಾಂಟ್ ಊರಿನ ಹೆಸರಲ್ಲಿ ಪ್ರಕಟವಾದ, ಈ ನರದ ನೋವನ್ನು ಗುರುತಿಸುವ ಮಾನದಂಡಗಳಲ್ಲಿ ಕೂತಾಗ ಹೆಚ್ಚುವ ನೋವು, ನಿದ್ದೆಯಿಂದ ಎಬ್ಬಿಸದ ನೋವು ಇವುಗಳ ಜೊತೆಗೆ ಬ್ಲಾಕಿನಿಂದ ನೋವು ಇಳಿಯುವುದೂ ಒಂದು. ಅಂದರೆ ಇದು ಚಿಕಿತ್ಸೆಯೂ ಹೌದು, ಪರೀಕ್ಷೆಯೂ ಹೌದು. ಅದೊಂದರಿಂದಲೇ ರೋಗ ತೀರ್ಮಾನವಾಗದು; ಆ ನರದ ವ್ಯಾಪ್ತಿಯ ಬೇರೆ ನೋವೂ ಬ್ಲಾಕಿಗೆ ಸುಮ್ಮನಾಗಬಹುದು. ಬ್ಲಾಕ್ ಹಿಡಿಯಲಿಲ್ಲ ಎಂದ ಮಾತ್ರಕ್ಕೆ ನೋವು ಸುಳ್ಳೂ ಅಲ್ಲ.

ಆಪ್ತಸಲಹೆಗಾರ್ತಿಗೆ ಇಂಜೆಕ್ಷನ್ ಮಾತು ಯಾಕೆ ಅನ್ನುವವರಿದ್ದಾರೆ. ಮದ್ದು ಬರೆಯುವುದು ನನ್ನ ಕೆಲಸವಲ್ಲ, ನಿಜ. ಆದರೆ ‘ಮನಸ್ಸಿನದು’ ಅಂತ ಷರಾ ಬರೆದು ನನ್ನ ಬಾಗಿಲಿಗೆ ಕಳಿಸುವಾಗ ನಾನೂ ಇಷ್ಟು ತಿಳಿದಿರಬೇಕಲ್ಲ!

ನಾನು ಹೇಳಿದ್ದು: ಆ ಮೂರು ಗಂಟೆಯಲ್ಲಿ ಏನೇನು ಸಾಧ್ಯವಾಯಿತು, ನೋವು ಯಾವಾಗ ಮರಳಿತು, ಬರೆದು ಡಾಕ್ಟರರಿಗೆ ಕೊಡಿ. ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿ, ಅಂದರೆ ಕಿಬ್ಬೊಟ್ಟೆಯ ತಳದ ಸ್ನಾಯುಗಳಿಗೆ ಮಾಡಿಸುವ ಫಿಸಿಯೋಥೆರಪಿ, ಅದರ ಬಗ್ಗೆ ಕೇಳಿ. ಶುಗರ್ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ತಿಳಿಸಿ. ಇನ್ನೊಮ್ಮೆ ಬ್ಲಾಕ್ ಮಾಡಿಸಿದರೆ ಅವತ್ತೇ ಉಳಿದ ಹೊಲಿಗೆಯೆಲ್ಲ ಮುಗಿಸಲು ಕೂರಬೇಡಿ.

ಗಂಡನಿಗೆ ಹೇಳಿದ್ದು ಬೇರೆ. ಆಕೆ ಎದ್ದು ಓಡಾಡಿದ ದಿನ ಅದನ್ನು ನೋವಿಲ್ಲವೆಂಬುದಕ್ಕೆ ಸಾಕ್ಷಿ ಮಾಡಿಕೊಳ್ಳಬೇಡಿ, ಮುಂದಿನ ಸಲ ಡಾಕ್ಟರ್ ಹತ್ತಿರ ನೀವೂ ಹೋಗಿ, ಕಂಡದ್ದನ್ನು ನೀವೇ ಹೇಳಿ ಎಂದೆ. ಅವರು ಒಪ್ಪಿದರು. ಖರ್ಚಿನ ಮಾತು ಮಾತ್ರ ಇನ್ನೂ ಬಗೆಹರಿದಿಲ್ಲ.