ಕ್ಯೂ ಅಲ್ಲೂ ಇತ್ತು, ಇಲ್ಲೂ ಇತ್ತು

ಓದುಗರ ಪ್ರಶ್ನೆಗಳಿಗೆ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಿಂದ ಒಬ್ಬ ನಿವೃತ್ತ ಫೋರ್‌ಮನ್ ಉತ್ತರ

ಪ್ರಶ್ನೆ: ಸರ್, ನಾನು ಬಿ.ಎ. ಓದುತ್ತಿದ್ದೇನೆ. ಸಮಾಜವಾದಿ ದೇಶಗಳಲ್ಲಿ ಜನ ಬಾಯಿ ಬಿಡೋಕೂ ಹೆದರುತ್ತಿದ್ದರು ಅಂತ ನಮ್ಮ ರಾಜ್ಯಶಾಸ್ತ್ರದ ಮೇಷ್ಟ್ರು ಹೇಳುತ್ತಾರೆ. ನಮ್ಮಣ್ಣ ಕೋಲಾರದ ಹತ್ತಿರ ನರಸಾಪುರದಲ್ಲಿ ಏಜೆನ್ಸಿ ಮೂಲಕ ಕಾರ್ಖಾನೆ ಕೆಲಸಕ್ಕೆ ಹೋಗುತ್ತಾನೆ. ಅವನು ಹೇಳುವುದೇ ಬೇರೆ. ಅಲ್ಲಿ ಎಲ್ಲರಿಗೂ ಕಾಯಂ ಕೆಲಸ, ಮನೆ, ಆಸ್ಪತ್ರೆ ಇತ್ತು, ನಮಗೆ ಇಲ್ಲಿ ಯಾವ ಸ್ವಾತಂತ್ರ್ಯ ಇದೆ ಅಂತಾನೆ. ನೀವು ಅಲ್ಲಿ ಇದ್ದು ಬಂದವರು. ಯಾರ ಮಾತು ಸರಿ?
– ಒಬ್ಬ ವಿದ್ಯಾರ್ಥಿನಿ, ಚಿಂತಾಮಣಿ

ಉತ್ತರ: ನಿಮ್ಮಣ್ಣನ ಮಾತಿನಿಂದಲೇ ಶುರು ಮಾಡುತ್ತೇನೆ ತಂಗಿ. ಯಾಕಂದರೆ 1988ರಲ್ಲಿ ನಾನೂ ಅದೇ ಮಾತು ಆಡಿದ್ದೆ.

ಆ ವರ್ಷ ಏಪ್ರಿಲ್‌ನಲ್ಲಿ ನಮ್ಮ ಕಾರ್ಖಾನೆಯವರು ನಾಲ್ಕು ಜನರನ್ನು ಆರು ತಿಂಗಳ ತರಬೇತಿಗೆ, ಆಗ ಸಮಾಜವಾದಿ ದೇಶವಾಗಿದ್ದ ಚೆಕೊಸ್ಲೊವಾಕಿಯಾಕ್ಕೆ ಕಳಿಸಿದರು. ಕೊಪ್ರಿವ್ನಿತ್ಸೆ ಅಂತ ಊರು. ಟಾಟ್ರಾ ಲಾರಿ ತಯಾರಾಗುವುದು ಅಲ್ಲೇ. ನಮ್ಮ ಕೆಜಿಎಫ್ ಹಾಗೆಯೇ, ಸೈರನ್ ಕೂಗಿದರೆ ಊರು ಏಳುತ್ತದೆ, ಇನ್ನೊಮ್ಮೆ ಕೂಗಿದರೆ ಊಟಕ್ಕೆ ಕೂರುತ್ತದೆ. ಅಲ್ಲಿವರೆಗೆ ನಾನು ದೂರ ಅಂತ ಹೋಗಿದ್ದು ಮದ್ರಾಸಿಗೆ.

ಮೊದಲ ತಿಂಗಳು ನಾನು ಪೂರ್ತಿ ಮರುಳಾಗಿದ್ದೆ. ಹಲ್ಲು ನೋವು ಬಂತು, ಕಿತ್ತು ಕಳಿಸಿದರು, ಒಂದು ಪೈಸೆ ಕೇಳಲಿಲ್ಲ. ಕ್ಯಾಂಟೀನಿನಲ್ಲಿ ಮ್ಯಾನೇಜರೂ ಕಸ ಗುಡಿಸುವವಳೂ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುತ್ತಿದ್ದರು. ಕೂಲಿಯವನಿಗೂ ಊರಾಚೆ ಒಂದು ಚಿಕ್ಕ ಮರದ ಮನೆ. ಶುಕ್ರವಾರ ಮಧ್ಯಾಹ್ನವೇ ಅಲ್ಲಿಗೆ ಹೋಗಿ ಟೊಮೆಟೊ ಗಿಡಕ್ಕೆ ನೀರು ಹಾಕುತ್ತಿದ್ದ. ನಾಳೆ ಕೆಲಸ ಹೋಗುತ್ತೆ ಅನ್ನುವ ಭಯ ಒಬ್ಬರ ಮುಖದಲ್ಲೂ ಕಾಣಲಿಲ್ಲ. ನನಗೆ ನಮ್ಮ ದೊಡ್ಡಪ್ಪ ನೆನಪಾಗುತ್ತಿದ್ದರು. ಚಾಂಪಿಯನ್ ರೀಫ್ ಗಣಿಯಲ್ಲಿ ಕಲ್ಲು ಕೊರೆದು ಶ್ವಾಸಕೋಶದ ತುಂಬ ದೂಳು ತುಂಬಿಕೊಂಡು, ಹತ್ತಡಿ ಕೋಣೆಯಲ್ಲಿ ಕೆಮ್ಮಿ ಕೆಮ್ಮಿ ಹೋದವರು. ಆಗ ಗಣಿ ನಡೆಸುತ್ತಿದ್ದದ್ದು ಇಂಗ್ಲೆಂಡಿನ ಕಂಪನಿ. ಬಂಡವಾಳಶಾಹಿ ಅಂದರೆ ಏನು ಅಂತ ನಾನು ಕಲಿತದ್ದು ಪುಸ್ತಕದಿಂದ ಅಲ್ಲ, ಆ ಕೆಮ್ಮಿನಿಂದ.

ಎರಡನೇ ತಿಂಗಳು ಕಣ್ಣು ಸ್ವಲ್ಪ ಬಿಟ್ಟಿತು. ರೊಟ್ಟಿ, ಆಲೂಗೆಡ್ಡೆ, ಬಿಯರು, ಮಾಂಸ ಎಲ್ಲ ಸಿಗುತ್ತಿತ್ತು, ಅಗ್ಗವಾಗಿಯೇ. ಆದರೆ ಬಾಳೆಹಣ್ಣು ಬರುವುದು ಕ್ರಿಸ್‌ಮಸ್ ಹತ್ತಿರ, ಅದಕ್ಕೂ ಸಾಲು. ಆ ವರ್ಷ ದೇಶಕ್ಕೆ ದೇಶವೇ ಟಾಯ್ಲೆಟ್ ಪೇಪರ್ ಇಲ್ಲದೆ ಪರದಾಡಿತು. ನಮ್ಮ ನಾಲ್ವರಿಗೆ ಮಾತ್ರ ಏನೂ ತೊಂದರೆ ಆಗಲಿಲ್ಲ. ನಾವು ಚೆಂಬು ತೆಗೆದುಕೊಂಡೇ ಹೋಗಿದ್ದೆವು! ಟುಜೆಕ್ಸ್ ಅಂತ ಒಂದು ಥರದ ಅಂಗಡಿ ಇತ್ತು. ಜೀನ್ಸ್, ಒಳ್ಳೆ ಟೇಪ್ ರೆಕಾರ್ಡರ್ ಎಲ್ಲ ಅಲ್ಲಿ. ಆದರೆ ಅವರದೇ ದುಡ್ಡು ಅಲ್ಲಿ ನಡೆಯುವುದಿಲ್ಲ. ವಿದೇಶಿ ಹಣ ಕೊಟ್ಟು ಪಡೆದ ಚೀಟಿ ಬೇಕು. ಎಲ್ಲರೂ ಸಮಾನ ಅನ್ನುವ ದೇಶದಲ್ಲಿ, ಮಾವನೋ ಭಾವನೋ ಜರ್ಮನಿಯಲ್ಲಿದ್ದವನು ಸ್ವಲ್ಪ ಜಾಸ್ತಿ ಸಮಾನ.

ಇದನ್ನು ಓದಿ ನಗಬೇಡಿ. ನಾನು ಸ್ಕೂಟರ್‌ಗೆ ದುಡ್ಡು ಕಟ್ಟಿ ಎಂಟು ವರ್ಷ ಕಾದವನು. ಬುಕ್ ಮಾಡಿದಾಗ ಮದುವೆ ಆಗಿರಲಿಲ್ಲ. ಸ್ಕೂಟರ್ ಬಂದ ದಿನ ಮುಂದುಗಡೆ ಮಗಳನ್ನು ನಿಲ್ಲಿಸಿಕೊಂಡು ಬಂದೆ. ನಮ್ಮಲ್ಲೂ ಡಾಲರ್ ಕಟ್ಟಿದವರಿಗೆ ಸರದಿ ಬೇಗ ಬರುತ್ತಿತ್ತು. ಗ್ಯಾಸ್‌ಗೆ ಕ್ಯೂ, ಫೋನ್‌ಗೆ ಕ್ಯೂ, ಸೀಮೆಎಣ್ಣೆಗೆ ಕ್ಯೂ. ಏನು ತಯಾರಿಸಲೂ ಸರ್ಕಾರದ ಲೈಸೆನ್ಸ್ ಬೇಕಿದ್ದ ಕಾಲದಲ್ಲಿ ಬೆಳೆದ ನಮಗೆ ಅವರ ಕ್ಯೂ ನೋಡಿ ಆಶ್ಚರ್ಯ ಏನೂ ಆಗಲಿಲ್ಲ. ಆಶ್ಚರ್ಯ ಆಗಿದ್ದು ಆ ಕ್ಯೂ ಎಷ್ಟು ಸುಮ್ಮನಿತ್ತು ಅನ್ನುವುದು. ನಮ್ಮ ರೇಷನ್ ಅಂಗಡಿ ಮುಂದೆ ಹತ್ತು ಜನ ನಿಂತರೆ ಇಂದಿರಾ ಗಾಂಧಿಯಿಂದ ಹಿಡಿದು ತೂಕದ ಹುಡುಗನವರೆಗೆ ಎಲ್ಲರ ಜನ್ಮ ಜಾಲಾಡುತ್ತೇವೆ. ಅಲ್ಲಿ ಹವಾಮಾನದ ಬಗ್ಗೆ ಮಾತಾಡುತ್ತಿದ್ದರು.

ನಮಗೆ ಕಲಿಸುತ್ತಿದ್ದ ಫೋರ್‌ಮನ್ ಅರವತ್ತರ ಹತ್ತಿರದವರು. ಫೋರ್‌ಮನ್‌ಗೆ ಅವರ ಭಾಷೆಯಲ್ಲಿ ‘ಮಿಸ್ತ್ರ್’ ಅನ್ನುತ್ತಾರೆ, ನಮ್ಮ ಮೇಸ್ತ್ರಿಯೇ. ನಾವು ಮೇಷ್ಟ್ರೇ ಅಂತಲೇ ಕರೆದೆವು. ಬಿಬಿಸಿ ಕೇಳಿ ಕಲಿತ ಇಂಗ್ಲಿಷ್ ಅವರದು. ಸೆಪ್ಟೆಂಬರ್‌ನಲ್ಲಿ ಅಲ್ಲಿ ಜನ ಬುಟ್ಟಿ ಹಿಡಿದು ಕಾಡಿಗೆ ಅಣಬೆ ಆರಿಸಲು ಹೋಗುತ್ತಾರೆ. ನನ್ನನ್ನೂ ಕರೆದುಕೊಂಡು ಹೋದರು. ಮರಗಳ ನಡುವೆ ಬಂದ ಮೇಲೆ ಆ ಮನುಷ್ಯ ಬೇರೆಯವರೇ ಆದರು. ಧ್ವನಿ ದೊಡ್ಡದಾಯಿತು. ಅಲ್ಲೇ ಗೊತ್ತಾಯಿತು, ಅವರು ಮೊದಲು ಎಂಜಿನಿಯರ್ ಆಗಿದ್ದವರು ಅಂತ. ಅಲ್ಲಿನ ಸರ್ಕಾರ ಜನರಿಗೆ ಸ್ವಲ್ಪ ಸ್ವಾತಂತ್ರ್ಯ ಕೊಡಲು ಹೊರಟಾಗ, ಅದನ್ನು ತಡೆಯಲು 1968ರ ಆಗಸ್ಟ್‌ನಲ್ಲಿ ಸೋವಿಯತ್ ಟ್ಯಾಂಕುಗಳು ಬಂದವು. ಅದು ಅಣ್ಣತಮ್ಮಂದಿರ ಸಹಾಯ ಅಂತ ಎಲ್ಲರೂ ಒಪ್ಪಿ ಹೇಳಬೇಕಿತ್ತು. ಇವರು ಹೇಳಲಿಲ್ಲ. ಕೆಲಸದಿಂದ ಓಡಿಸಲಿಲ್ಲ, ಕೆಳಗಿಳಿಸಿದರು. ಶಿಕ್ಷೆ ಅಷ್ಟಕ್ಕೇ ಮುಗಿಯಲಿಲ್ಲ. ಮಗಳಿಗೆ ಒಳ್ಳೆ ಅಂಕ ಬಂದರೂ ಡಾಕ್ಟರ್ ಓದಲು ಸೀಟು ಸಿಗಲಿಲ್ಲ. ಅಪ್ಪ ಸರಿಯಿಲ್ಲ ಅಂತ ಫೈಲಿನಲ್ಲಿ ಇತ್ತು, ಅಷ್ಟೇ.

ನಿಮ್ಮಣ್ಣ ಹೇಳುವ ಕಾಯಂ ಕೆಲಸ ಇದೇ ತಂಗಿ. ಎಲ್ಲರಿಗೂ ಕೆಲಸ ಇತ್ತು, ನಿಜ. ಕೆಲಸ ಇಲ್ಲದೆ ಇರುವುದು ಅಲ್ಲಿ ಅಪರಾಧವೂ ಆಗಿತ್ತು. ಗುರುತಿನ ಚೀಟಿಯಲ್ಲಿ ಕಾರ್ಖಾನೆಯ ಮೊಹರು ಇರಬೇಕು. ಇಲ್ಲದಿದ್ದರೆ ಪರಾವಲಂಬಿ ಅಂತ ಜೈಲಿಗೆ ಹಾಕಬಹುದಿತ್ತು. ಕೆಲಸ ಕೊಡುವವನೂ ಸರ್ಕಾರ, ಮನೆ ಕೊಡುವವನೂ ಸರ್ಕಾರ, ಸೀಟು ಕೊಡುವವನೂ ಸರ್ಕಾರ. ಒಬ್ಬ ಧಣಿಯ ಮೇಲೆ ಸಿಟ್ಟು ಬಂದರೆ ಇನ್ನೊಬ್ಬನ ಹತ್ತಿರ ಹೋಗೋಣ ಅಂದರೆ ಇನ್ನೊಬ್ಬ ಇಲ್ಲ. ದೇಶ ಬಿಟ್ಟು ಹೋಗೋಣ ಅಂದರೆ ಪಾಸ್‌ಪೋರ್ಟ್ ಸಾಲದು, ಹೊರಗೆ ಹೋಗಲು ಬೇರೆ ಅನುಮತಿ ಬೇಕು.

ಅದೇ ತಿಂಗಳು ನನ್ನ ಹೆಂಡತಿಯ ಪತ್ರ ಬಂತು, ಜೊತೆಗೆ ಪ್ರಜಾವಾಣಿಯ ತುಂಡುಗಳು. (ಅವಳ ಲಕೋಟೆಗಳು ಒಮ್ಮೆ ಬಿಚ್ಚಿ ಅಂಟಿಸಿದ ಹಾಗೆ ಇರುತ್ತಿದ್ದವು. ಅವಳ ಕೈಬರಹ ಓದಲು ಪಾಪ ಅವರಿಗೆಷ್ಟು ಕಷ್ಟ ಆಯಿತೋ.) ಬೊಫೋರ್ಸ್ ಫಿರಂಗಿ ಖರೀದಿಯಲ್ಲಿ ಲಂಚ ಅನ್ನುವ ಗಲಾಟೆ ನಡೆಯುತ್ತಿದ್ದ ಕಾಲ. ರಾಜೀವ್ ಗಾಂಧಿ ಸರ್ಕಾರ ಪತ್ರಿಕೆಗಳ ಬಾಯಿ ಕಟ್ಟುವಂಥ ಮಾನಹಾನಿ ಮಸೂದೆ ತಂದು ಲೋಕಸಭೆಯಲ್ಲಿ ಪಾಸು ಮಾಡಿಸಿತ್ತು. ನಾನೂರಕ್ಕೂ ಹೆಚ್ಚು ಸೀಟಿನ ಸರ್ಕಾರ. ಪತ್ರಿಕೆಯವರು ಬೀದಿಗಿಳಿದರು. ಕೆಲವೇ ವಾರದಲ್ಲಿ ಸರ್ಕಾರ ಮಸೂದೆಯನ್ನು ವಾಪಸ್ ತೆಗೆದುಕೊಂಡಿತು. ಇದನ್ನು ಮೇಷ್ಟ್ರಿಗೆ ಹೇಳಿದೆ. ಅವರು ನಂಬಲಿಲ್ಲ. ‘ಬೀದಿಗಿಳಿದ ಪತ್ರಕರ್ತರು ಈಗ ಎಲ್ಲಿದ್ದಾರೆ?’ ಅಂತ ಕೇಳಿದರು. ಆಫೀಸಿನಲ್ಲಿ, ಇನ್ನೆಲ್ಲಿ, ಅಂದೆ. ಅವರು ಅಣಬೆಯ ಬುಟ್ಟಿ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು.

ನಾನು ಆಗ ಎದೆ ಉಬ್ಬಿಸಿಕೊಂಡು ನಿಂತಿದ್ದೆ. ನಿಜ ಹೇಳಬೇಕಂದರೆ ಅಷ್ಟು ಉಬ್ಬಬೇಕಾಗಿರಲಿಲ್ಲ. ತುರ್ತು ಪರಿಸ್ಥಿತಿಯ 21 ತಿಂಗಳು ನಮ್ಮ ಕ್ಯೂ ಕೂಡ ಹವಾಮಾನದ ಬಗ್ಗೆಯೇ ಮಾತಾಡಿತ್ತು.

ಈಗ ನಿಮ್ಮಣ್ಣನ ಸಿಟ್ಟಿಗೆ ಬರುತ್ತೇನೆ, ಅದನ್ನು ತೇಲಿಸಿ ಬಿಡುವುದಿಲ್ಲ. 2001ರ ಫೆಬ್ರವರಿ 28ರಂದು ನಮ್ಮ ಚಿನ್ನದ ಗಣಿ ಮುಚ್ಚಿತು. ಆಗ ಅದು ಸರ್ಕಾರದ ಕೈಯಲ್ಲೇ ಇತ್ತು. ನನ್ನ ತಮ್ಮನಿಗೆ 44 ವರ್ಷ. ಆಮೇಲೆ ಹದಿನೈದು ವರ್ಷ ಕತ್ತಲಲ್ಲೇ ಎದ್ದು, ಟ್ರೈನ್ ಹತ್ತಿ ಬೆಂಗಳೂರಿಗೆ ಹೋಗಿ, ಒಂದು ಅಪಾರ್ಟ್‌ಮೆಂಟ್‌ನ ಗೇಟು ಕಾದ. ಅವನಿಗೆ ಯಾವ ಪೇಪರು ಬೇಕಾದರೂ ಓದುವ ಸ್ವಾತಂತ್ರ್ಯ ಇತ್ತು. ಓದಲು ಪುರುಸೊತ್ತು ಇರಲಿಲ್ಲ. ಅವನ ಮಗಳು ನಿಮ್ಮಣ್ಣನ ಹಾಗೆಯೇ ಏಜೆನ್ಸಿ ಹುಡುಗಿ. ಹನ್ನೊಂದು ತಿಂಗಳಿಗೊಮ್ಮೆ ಕೆಲಸ ಬಿಡಿಸಿ ಮತ್ತೆ ಸೇರಿಸಿಕೊಳ್ಳುತ್ತಾರೆ. ಸಂಬಳದಲ್ಲಿ ಯಾವುದಕ್ಕೆ ಎಷ್ಟು ಮುರಿದರು ಅಂತ ಅವಳಿಗೆ ಇವತ್ತಿಗೂ ಅರ್ಥ ಆಗಿಲ್ಲ. ಗೇಟಿನ ಹೊರಗೆ ಅವಳು ಪ್ರಧಾನಿಯನ್ನು ಬೈಯಬಹುದು. ಗೇಟಿನ ಒಳಗೆ ಸೂಪರ್‌ವೈಸರ್‌ಗೆ ಎದುರಾಡುವಂತಿಲ್ಲ. ಮೇಷ್ಟ್ರ ಊರಲ್ಲಿ ಉಲ್ಟಾ. ಸೂಪರ್‌ವೈಸರ್‌ನನ್ನು ಎಲ್ಲರೂ ಬೈಯುತ್ತಿದ್ದರು, ಅವನು ಪಾಪ ಏನೂ ಮಾಡುವ ಹಾಗಿರಲಿಲ್ಲ.

ಆದರೂ ಒಂದು ಜೊತೆ ಘಟನೆ ಪಕ್ಕಪಕ್ಕ ಇಟ್ಟು ನೋಡಿ. 1962ರ ಜೂನ್‌ನಲ್ಲಿ ಸೋವಿಯತ್ ಸರ್ಕಾರ ಮಾಂಸ, ಬೆಣ್ಣೆಯ ಬೆಲೆ ಏರಿಸಿತು. ನೊವೊಚೆರ್‌ಕಾಸ್ಕ್ ಅನ್ನುವ ಊರಿನಲ್ಲಿ ರೈಲು ಎಂಜಿನ್ ಕಾರ್ಖಾನೆಯ ಕಾರ್ಮಿಕರು ಕೆಲಸ ನಿಲ್ಲಿಸಿ ಮೆರವಣಿಗೆ ಹೊರಟರು. ಸೈನಿಕರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಏಳು ಜನರಿಗೆ ಮರಣದಂಡನೆ. ಹೆಣಗಳನ್ನು ಗುಟ್ಟಾಗಿ ಬೇರೆ ಬೇರೆ ಕಡೆ ಹೂತರು. ಕಾರ್ಮಿಕರದ್ದೇ ರಾಜ್ಯ ಅನ್ನುವ ದೇಶದಲ್ಲಿ ಈ ಸುದ್ದಿ ಸುಮಾರು 25 ವರ್ಷ ಪೇಪರಿಗೆ ಬರಲಿಲ್ಲ. ನಮ್ಮ ನರಸಾಪುರದಲ್ಲಿ 2020ರ ಡಿಸೆಂಬರ್ 12ರಂದು ಸಂಬಳದ ವಿಷಯಕ್ಕೆ ಐಫೋನ್ ಕಾರ್ಖಾನೆಯ ಗಾಜು ಪುಡಿಯಾಯಿತು. ಅವತ್ತೇ ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ವಿಡಿಯೊ ನೋಡಿತು. ನೂರಕ್ಕೂ ಹೆಚ್ಚು ಹುಡುಗರನ್ನು ಪೊಲೀಸರು ಹಿಡಿದರು, ಅದನ್ನೂ ಮರೆಯಬಾರದು. ಆದರೆ ತನಿಖೆ ಆಯಿತು, ಕಾರ್ಮಿಕ ಕಾನೂನು ಮುರಿದದ್ದು ಹೊರಬಿತ್ತು, ಅಮೆರಿಕದ ಆಪಲ್ ಕಂಪನಿಯವರೇ ತಪ್ಪಾಗಿದೆ ಅಂತ ಒಪ್ಪಿದರು.

ಅದಕ್ಕೇ ನನಗೆ ಎರಡರಲ್ಲಿ ಒಂದನ್ನೇ ಆರಿಸು ಅಂದರೆ ಇಲ್ಲೇ ಇರುತ್ತೇನೆ. ಇಲ್ಲಿ ಸುಖ ಇದೆ ಅಂತಲ್ಲ. ಬಾಯಿ ಇದ್ದರೆ ಆಸ್ಪತ್ರೆಯನ್ನೂ ಕಾಯಂ ಕೆಲಸವನ್ನೂ ಕೇಳಬಹುದು. ಬಾಯಿ ಕೊಟ್ಟು ಕಾಯಂ ಕೆಲಸ ಪಡೆದರೆ, ನಾಳೆ ಅದನ್ನು ಕಿತ್ತುಕೊಂಡಾಗ ಯಾವ ಬಾಯಲ್ಲಿ ಕೇಳುತ್ತೀರಿ? ನಿಮ್ಮಣ್ಣನಿಗೆ ಹೇಳಿ, ಸಂಬಳದ ಚೀಟಿಗಳನ್ನು ಎಸೆಯದೆ ಇಟ್ಟುಕೊಳ್ಳಲಿ. ಕೋಲಾರದಲ್ಲಿ ಕಾರ್ಮಿಕ ಇಲಾಖೆಯ ಕಚೇರಿ ಇದೆ. ಒಬ್ಬನೇ ಹೋಗುವುದು ಬೇಡ, ಹತ್ತು ಜನ ಹೋಗಲಿ.

ಪ್ರಶ್ನೆ: ನಾವು ಟೊಮೆಟೊ ಬೆಳೆಯುವವರು. ಒಂದು ಸಲ ಲಾಟರಿ, ಮೂರು ಸಲ ರಸ್ತೆಗೆ ಸುರಿಯುವುದು. ರಷ್ಯಾದಲ್ಲಿ ಮಾಡಿದ ಹಾಗೆ ಸರ್ಕಾರವೇ ಬೆಲೆ ಕಟ್ಟಿದರೆ ಒಳ್ಳೇದಲ್ವಾ ಸ್ವಾಮಿ?
– ಒಬ್ಬ ರೈತ, ವಡ್ಡಹಳ್ಳಿ, ಮುಳಬಾಗಿಲು ತಾಲ್ಲೂಕು

ಉತ್ತರ: 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್‌ನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿದಾಗ ಈ ಪ್ರಶ್ನೆ ಕೇಳುತ್ತಿದ್ದಿರಾ ಅಣ್ಣ? ಕೋಪ ಮಾಡಿಕೊಳ್ಳಬೇಡಿ.

ಸೋವಿಯತ್ತಿನಲ್ಲಿ ಬ್ರೆಡ್ಡಿನ ಬೆಲೆ ಎಷ್ಟು ಕೆಳಗೆ ಕಟ್ಟಿದ್ದರು ಅಂದರೆ, ರೈತರು ಕಾಳು ಹಾಕುವ ಬದಲು ಅಂಗಡಿಯಿಂದ ಬ್ರೆಡ್ ತಂದು ಹಂದಿಗೆ ಹಾಕುತ್ತಿದ್ದರು. ಅದೇ ಹೆಚ್ಚು ಅಗ್ಗ. ಸಾಮೂಹಿಕ ಜಮೀನಿನ ಪಕ್ಕದಲ್ಲಿ ಮನೆಮನೆಗೂ ಒಂದು ಚೂರು ಸ್ವಂತ ಹಿತ್ತಲು ಬಿಟ್ಟಿದ್ದರು. ಒಟ್ಟು ಬಿತ್ತನೆ ಜಮೀನಿನಲ್ಲಿ ಅದು ಶೇ 3ರ ಆಸುಪಾಸು. ಆದರೆ ದೇಶದ ಬೆಳೆ, ಹಾಲು, ಮೊಟ್ಟೆ ಎಲ್ಲ ಸೇರಿಸಿದರೆ ಹತ್ತಿರಹತ್ತಿರ ಕಾಲು ಭಾಗ ಅಲ್ಲಿಂದಲೇ ಬರುತ್ತಿತ್ತು. ತನ್ನದು ಅಂದರೆ ಮನುಷ್ಯ ಕಳೆ ಕೀಳುವ ರೀತಿಯೇ ಬೇರೆ.

ನನಗೆ ಇಷ್ಟವಾಗುವುದು ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ. ಅಲ್ಲಿ ಸರ್ಕಾರ ಬೆಲೆ ಕಟ್ಟುವುದಿಲ್ಲ, ತಕ್ಕಡಿ ಹಿಡಿಯುತ್ತದೆ. ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು ಹರಾಜಿನಲ್ಲೇ ಕೊಳ್ಳಬೇಕು. ಬೆಲೆ ಬೀಳುವುದು ಅದರಿಂದಲೂ ತಪ್ಪಿಲ್ಲ. ಮೋಸ ಕಡಿಮೆ. ಟೊಮೆಟೊಗೆ ಬೇಕಾಗಿರುವುದು ರಷ್ಯಾ ಅಲ್ಲ, ನಾಲ್ಕು ದಿನ ಕೆಡದೆ ಇಡುವ ಜಾಗ ಮತ್ತು ಪಕ್ಕದಲ್ಲೊಂದು ಪ್ಯೂರಿ ಮಾಡುವ ಕಾರ್ಖಾನೆ.

ಪ್ರಶ್ನೆ: ನೀವು ಎಡವೋ ಬಲವೋ?
– ಮಾಲೂರಿನಿಂದ

ಉತ್ತರ: ಯೂನಿಯನ್ ಮೀಟಿಂಗ್‌ನಲ್ಲಿ ಎಡ, ಚೀಟಿ ಹರಾಜಿನಲ್ಲಿ ಬಲ.

ಪ್ರಶ್ನೆ: ಹಿಂದೊಮ್ಮೆ ನಿಮ್ಮ ಚೆಕ್ ಮೇಷ್ಟ್ರ ಬಗ್ಗೆ ಎರಡು ಸಾಲು ಬರೆದಿದ್ದಿರಿ. ಆಮೇಲೆ ಅವರು ಏನಾದರು?
– ಒಬ್ಬ ಗೃಹಿಣಿ, ಗೌರಿಬಿದನೂರು

ಉತ್ತರ: ಎರಡು ಪತ್ರ ಬಂದವು ಅಮ್ಮಾ. ಮೊದಲನೆಯದು 1990ರ ಜನವರಿಯಲ್ಲಿ. ಲಕೋಟೆ ಯಾರೂ ಬಿಚ್ಚಿರಲಿಲ್ಲ. 1989ರ ನವೆಂಬರ್ 27ರಂದು, ಕಮ್ಯುನಿಸ್ಟ್ ಸರ್ಕಾರದ ವಿರುದ್ಧ, ಮಧ್ಯಾಹ್ನ ಹನ್ನೆರಡರಿಂದ ಎರಡು ಗಂಟೆವರೆಗೆ ಇಡೀ ದೇಶ ಕೆಲಸ ನಿಲ್ಲಿಸಿತ್ತು. ಇವರೂ ಚೌಕಕ್ಕೆ ಹೋಗಿ ಎಲ್ಲರ ಜೊತೆ ಬೀಗದ ಕೈಗೊಂಚಲು ಅಲ್ಲಾಡಿಸಿ ಸದ್ದು ಮಾಡಿದ್ದರು. ನಿಮ್ಮ ಸಮಯ ಮುಗಿಯಿತು, ಮನೆಗೆ ಹೋಗಿ ಅಂತ ಸರ್ಕಾರಕ್ಕೆ ಹೇಳಿದ ಹಾಗೆ. ಗದ್ದಲದಲ್ಲಿ ಕಾರ್ಖಾನೆಯ ಬೀರುವಿನ ಬೀಗದ ಕೈ ಕಳೆದುಹೋಯಿತಂತೆ, ಅದಕ್ಕೆ ಸ್ಟೋರ್ ಕೀಪರ್ ಬೈದನಂತೆ.

ಎರಡನೆಯದು 1994ರದು. ದೇಶ ಎರಡಾಗಿತ್ತು, ಕಾರ್ಖಾನೆಯಲ್ಲಿ ಜನ ಕಡಿಮೆಯಾಗಿದ್ದರು. ಬಾಡಿಗೆ ಏರಿತ್ತು. ಬಾಳೆಹಣ್ಣು ವರ್ಷವಿಡೀ ಸಿಗುತ್ತಿತ್ತು. ಮಗಳಿಗೆ ಡಾಕ್ಟರ್ ಓದುವ ವಯಸ್ಸು ದಾಟಿ ಹೋಗಿತ್ತು, ಔಷಧಿ ಅಂಗಡಿ ಇಟ್ಟಿದ್ದಳು. ಪತ್ರದ ಜೊತೆ ಒಂದು ಚಿಕ್ಕ ಪೊಟ್ಟಣದಲ್ಲಿ ಒಣಗಿಸಿದ ಅಣಬೆ ಕಳಿಸಿದ್ದರು. ಎಲ್ಲಿಯದೋ ಏನೋ, ಮಕ್ಕಳಿರುವ ಮನೆ ಅಂತ ನನ್ನ ಹೆಂಡತಿ ಅದನ್ನು ಒಲೆಯ ಹತ್ತಿರಕ್ಕೂ ಬಿಡಲಿಲ್ಲ. ಕರಿಬೇವಿನ ಗಿಡದ ಬುಡಕ್ಕೆ ಹಾಕಿದಳು. ನಾನು ಮೇಷ್ಟ್ರಿಗೆ, ಸಾರು ಬಹಳ ರುಚಿಯಾಗಿತ್ತು ಅಂತ ಬರೆದೆ.